ಅಕ್ಕನ ಮಗನಿಗೆ ಕ್ರೇನಿಯೋಫ್ಯಾರಿಂಜಿಯೋಮಾ ಅಂತ ರಿಪೋರ್ಟ್ ಬಂದಿದೆ. ಮೂಗಿನಿಂದ ಆಪರೇಷನ್ನಾ, ತಲೆ ತೆರೆದಾ?

ಹಾವೇರಿ_ಮಾವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ ಉತ್ತರ ಕೊಡಿ.

ನನ್ನ ಅಕ್ಕನ ಮಗನಿಗೆ 10 ವರ್ಷ. ಎರಡು ವರ್ಷದಿಂದ ಹುಡುಗ ಎತ್ತರವೇ ಬೆಳೆದಿಲ್ಲ. ಅವನ ತಂಗಿ ಈಗ ಅವನ ಸಮಕ್ಕೆ ಬಂದಿದ್ದಾಳೆ, ಅವನಿಗೆ ಮಾತ್ರ ಹೋದ ವರ್ಷದ ಯೂನಿಫಾರ್ಮೇ ಈಗಲೂ ಆಗುತ್ತೆ. ನಮ್ಮ ವಂಶದವರೆಲ್ಲ ಗಿಡ್ಡರೇ, ಹೈಸ್ಕೂಲಿಗೆ ಬಂದ ಮೇಲೆ ಉದ್ದ ಆಗುತ್ತಾನೆ ಬಿಡು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಿದ್ದರು. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಕೆಲವು ದಿನ ವಾಂತಿ. ಒಬ್ಬ ಡಾಕ್ಟರು ಪಿತ್ತ ಅಂದರು, ಇನ್ನೊಬ್ಬರು ಮೈಗ್ರೇನ್ ಅಂದರು. ಕೊನೆಗೆ ಗೊತ್ತಾಗಿದ್ದು ಕ್ರಿಕೆಟ್‌ನಿಂದ. ಎದುರಿಗೆ ಬಂದ ಚೆಂಡು ಹಿಡಿಯುತ್ತಾನೆ, ಪಕ್ಕದಿಂದ ಬಂದದ್ದು ಕಿವಿ ಹತ್ತಿರ ಹಾದು ಹೋದರೂ ತಿರುಗಿ ನೋಡಲ್ಲ. ಪಿ.ಟಿ. ಮಾಸ್ತರು ಮನೆಗೇ ಬಂದು ಇವನ ಕಣ್ಣು ತೋರಿಸಿ ಅಂದರು. ಕಣ್ಣಿನ ಡಾಕ್ಟರು ಸುಮ್ನೆ ನಂಬರ್ ನೋಡಿ ಕನ್ನಡಕ ಬರೆದು ಕಳಿಸಲಿಲ್ಲ. ಎರಡೂ ಕಣ್ಣಲ್ಲಿ ಹೊರಗಡೆಯ ಅರ್ಧ ಕಾಣಿಸುತ್ತಿಲ್ಲ ಅಂತ ಹೇಳಿ ಅವತ್ತೇ ಎಂ.ಆರ್.ಐ.ಗೆ ಬರೆದರು. ಪುಣ್ಯಾತ್ಮರು.

ರಿಪೋರ್ಟಿನಲ್ಲಿ ಇರೋದು: ಪಿಟ್ಯುಟರಿ (ಮಿದುಳಿನ ಬುಡದಲ್ಲಿ ಹಾರ್ಮೋನು ತಯಾರಿಸುವ) ಗ್ರಂಥಿಯ ಮೇಲ್ಗಡೆ ಸುಮಾರು 3.5 ಸೆಂ.ಮೀ. ಗಡ್ಡೆ, ಜಾಸ್ತಿ ಭಾಗ ನೀರಿನ ಚೀಲ, ಸ್ವಲ್ಪ ಗಟ್ಟಿ ಭಾಗ, ಸಿ.ಟಿ.ಯಲ್ಲಿ ಕ್ಯಾಲ್ಸಿಯಂ ಕಟ್ಟಿದ್ದು ಕಾಣುತ್ತದೆ, ಕ್ರೇನಿಯೋಫ್ಯಾರಿಂಜಿಯೋಮಾ ಇರಬಹುದು.

ಇಬ್ಬರು ಸರ್ಜನ್‌ಗಳಿಗೆ ತೋರಿಸಿದೆವು. ಮೊದಲನೆಯವರು ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಪೂರ್ತಿ ತೆಗೆಯಲು ನೋಡುತ್ತೇವೆ ಅಂದರು. ಎರಡನೆಯವರು ತಲೆ ತೆರೆದು ಆದಷ್ಟು ತೆಗೆದು, ಅಂಟಿಕೊಂಡಿದ್ದನ್ನು ಬಿಟ್ಟು, ಆಮೇಲೆ ರೇಡಿಯೇಷನ್ ಕೊಡೋಣ ಅಂದರು. ಭಾವ ಅಂತೂ ಪೂರ್ತಿ ತೆಗೆಯುತ್ತೇನೆ ಅಂದವರ ಹತ್ತಿರವೇ ಹೋಗೋಣ ಅಂತ ಹಟ ಹಿಡಿದಿದ್ದಾರೆ. ಅಕ್ಕ ಮೂರು ಹೊತ್ತೂ ಅಳುತ್ತಾಳೆ. ಇದು ಕ್ಯಾನ್ಸರಾ? ಮೊದಲು ಬಯಾಪ್ಸಿ ಮಾಡಿಸಬೇಕಾ? ಇಬ್ಬರಲ್ಲಿ ಯಾರ ಮಾತು ಕೇಳೋದು? ಇದನ್ನು ಹತ್ತಿರದಿಂದ ಕಂಡವರು ಯಾರಾದರೂ ಇದ್ದರೆ ಹೇಳಿ.

ರಾತ್ರಿಪಾಳಿ_ರೆಸಿಡೆಂಟ್

ಸರ್, ನಾನು ನ್ಯೂರೋಸರ್ಜರಿ ಓದುತ್ತಿದ್ದೇನೆ. ಫಿಲ್ಮ್ ನೋಡದೆ ಇಂಥದ್ದೇ ಆಪರೇಷನ್ ಮಾಡಿಸಿ ಅಂತ ಹೇಳುವವರ ಮಾತು ಕೇಳಬೇಡಿ, ನಾನೂ ಹೇಳಲ್ಲ. ಆದರೆ ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದ್ದು ಯಾಕೆ ಅನ್ನೋದನ್ನು ಬಿಡಿಸಿ ಹೇಳಬಹುದು.

ಎಲ್ಲಕ್ಕಿಂತ ಮೊದಲು ಒಂದು ಕೆಲಸ. ಹುಡುಗನ ಹಾರ್ಮೋನ್ ಟೆಸ್ಟ್ ಆಗಿದೆಯಾ? ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ (ಮೈ ತಾನೇ ತಯಾರಿಸುವ ಸ್ಟೀರಾಯ್ಡ್), ಫ್ರೀ ಟಿ4 (ಥೈರಾಯ್ಡ್ ಹಾರ್ಮೋನು) ಜೊತೆಗೆ ಟಿ.ಎಸ್.ಎಚ್. (ಥೈರಾಯ್ಡಿಗೆ ಕೆಲಸ ಹೇಳುವ ಪಿಟ್ಯುಟರಿ ಹಾರ್ಮೋನು), ಪ್ರೊಲ್ಯಾಕ್ಟಿನ್, ಐ.ಜಿ.ಎಫ್.-1 (ಬೆಳವಣಿಗೆ ಹಾರ್ಮೋನಿನ ಅಂದಾಜು), ರಕ್ತದ ಸೋಡಿಯಂ. ಬರೀ ಟಿ.ಎಸ್.ಎಚ್. ಮಾಡಿಸಿ ನಾರ್ಮಲ್ ಅಂತ ಬಿಡುತ್ತಾರೆ, ಇಂಥ ಮಕ್ಕಳಲ್ಲಿ ಅದು ಸಾಲದು, ಯಾಕೆಂದರೆ ಟಿ.ಎಸ್.ಎಚ್. ತಯಾರು ಮಾಡುವ ಗ್ರಂಥಿಗೇ ಪೆಟ್ಟು ಬಿದ್ದಿರುತ್ತದೆ. ಇನ್ನೊಂದು, ಕಾರ್ಟಿಸಾಲ್ ಎಷ್ಟಿದೆ ಅಂತ ಗೊತ್ತಾಗುವ ಮೊದಲು ಯಾರಾದರೂ ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಬೇಡ ಅನ್ನಿ. ಕಾರ್ಟಿಸಾಲ್ ಕಡಿಮೆ ಇದ್ದಾಗ ಥೈರಾಕ್ಸಿನ್ ಒಂದೇ ಕೊಟ್ಟರೆ ಮಗು ಕುಸಿದು ಬೀಳಬಹುದು. ಮೊದಲು ಹೈಡ್ರೋಕಾರ್ಟಿಸೋನ್ (ಕಾರ್ಟಿಸಾಲ್‌ಗೆ ಬದಲಿ ಔಷಧ), ಆಮೇಲೆ ಥೈರಾಯ್ಡ್. ಈ ಕ್ರಮ ತಪ್ಪಬಾರದು.

ಇನ್ನು ನಿಮ್ಮ ಪ್ರಶ್ನೆ. ಕ್ಯಾನ್ಸರ್ ಅಲ್ಲ. ಡಬ್ಲ್ಯು.ಎಚ್.ಓ. ಲೆಕ್ಕದಲ್ಲಿ ಗ್ರೇಡ್ 1 ಗಡ್ಡೆ, ಬೇರೆ ಕಡೆ ಹರಡಲ್ಲ. ತುಂಬ ಅಪರೂಪ, ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ಮಗು ಹೊಟ್ಟೆಯಲ್ಲಿದ್ದಾಗ ಬಾಯಿಯ ಮೇಲ್ಛಾವಣಿಯಿಂದ ಒಂದು ಸಣ್ಣ ಚೀಲ ಮೇಲಕ್ಕೆ ಹೋಗಿ ಪಿಟ್ಯುಟರಿಯ ಮುಂಭಾಗ ಆಗುತ್ತದೆ. ಆ ದಾರಿಯಲ್ಲಿ ಉಳಿದ ಜೀವಕೋಶಗಳಿಂದ ಮುಂದೆ ಯಾವಾಗಲೋ ಈ ಗಡ್ಡೆ ಹುಟ್ಟುತ್ತದೆ. ಹಾಗಾಗಿ ಏನು ತಿಂದದ್ದರಿಂದ ಬಂತು, ಯಾವ ಫೋನ್ ನೋಡಿದ್ದರಿಂದ ಬಂತು ಅಂತ ಅಕ್ಕ ತಲೆ ಕೆಡಿಸಿಕೊಳ್ಳುತ್ತಿದ್ದರೆ, ಅದು ಯಾರ ತಪ್ಪೂ ಅಲ್ಲ ಅಂತ ಹೇಳಿ.

ಕ್ಯಾನ್ಸರ್ ಅಲ್ಲದಿದ್ದರೂ ಜಾಗ ಮಾತ್ರ ಬಹಳ ಕೆಟ್ಟದ್ದು. ಮೇಲೆ ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ ಇದೆ, ಅದನ್ನು ಒತ್ತಿದ್ದಕ್ಕೇ ನಿಮ್ಮ ಹುಡುಗನಿಗೆ ಪಕ್ಕದ ಚೆಂಡು ಕಾಣಿಸದಿರೋದು. ಎರಡೂ ಬದಿಗೆ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಗಳು. ಹಿಂದೆ, ಮೇಲ್ಗಡೆ ಹೈಪೋಥಾಲಮಸ್. ಹಸಿವು, ಬಾಯಾರಿಕೆ, ನಿದ್ದೆ, ಮೈಶಾಖ, ಸಿಟ್ಟು ಎಲ್ಲ ಅಲ್ಲಿಂದಲೇ. ಈ ಗಡ್ಡೆಗೆ 1932ರಲ್ಲಿ ಈ ಹೆಸರು ಕೊಟ್ಟು ಬಳಕೆಗೆ ತಂದವರು ಹಾರ್ವೆ ಕುಶಿಂಗ್. ಆಗ ಆಪರೇಷನ್ ಮಾಡಿದರೂ ಆಮೇಲೆ ಕೊಡಲು ಹಾರ್ಮೋನೇ ಇರಲಿಲ್ಲ. 1950ರ ಸುಮಾರಿಗೆ ಕಾರ್ಟಿಸೋನ್ ಸಿಗಲು ಶುರುವಾದ ಮೇಲೆ ಜನ ಉಳಿಯುವುದು ಜಾಸ್ತಿಯಾಯಿತು.

ಈಗ ಮೂಗಾ, ತಲೆಯಾ. ಗಡ್ಡೆ ನಡುಗೆರೆಯಲ್ಲಿ, ಕಣ್ಣಿನ ನರದ ಕೆಳಗೆ ಹಿಂದೆ ಇದ್ದರೆ ಮೂಗಿನ ದಾರಿ ಒಳ್ಳೆಯದು. ಕೆಳಗಿನಿಂದ ಹೋಗುವುದರಿಂದ ನರವನ್ನು ಎಳೆದಾಡದೆ ಅದರ ಅಡಿಯನ್ನೇ ನೇರ ನೋಡಬಹುದು. ಮೊದಲು ಇದರ ದೊಡ್ಡ ತಲೆನೋವು ಮಿದುಳಿನ ನೀರು ಮೂಗಿನಲ್ಲಿ ಸೋರುವುದಾಗಿತ್ತು. ಈಗ ಮೂಗಿನ ನಡುಗೋಡೆಯ ಒಳಪದರವನ್ನು ಅದರ ರಕ್ತನಾಳದ ಸಮೇತ ಬಿಡಿಸಿ, ತಿರುಗಿಸಿ, ತೂತಿಗೆ ಹೊದಿಸುತ್ತಾರೆ. ಅರ್ಜೆಂಟೀನಾ, ಅಮೆರಿಕದ ಡಾಕ್ಟರು ಸೇರಿ 2006ರಲ್ಲಿ ಪ್ರಕಟಿಸಿದ ವಿಧಾನ ಅದು, ಆಮೇಲೆ ಸೋರುವುದು ಬಹಳ ಕಡಿಮೆಯಾಯಿತು. ಗಡ್ಡೆ ಪಕ್ಕಕ್ಕೆ, ರಕ್ತನಾಳದ ಆಚೆ ಹಬ್ಬಿದ್ದರೆ ಮೂಗಿನಿಂದ ಕೈ ಹೋಗಲ್ಲ, ತಲೆ ತೆರೆಯಲೇಬೇಕು. ಮಕ್ಕಳಲ್ಲಿ ಮೂಗಿನ ಹೊಳ್ಳೆ ಚಿಕ್ಕದು, ಮೂಗಿನ ಹಿಂದಿನ ಸೈನಸ್‌ನಲ್ಲಿ ಇನ್ನೂ ಪೂರ್ತಿ ಗಾಳಿ ತುಂಬಿರದೆ ಇರಬಹುದು, ಅದನ್ನೂ ಸಿ.ಟಿ.ಯಲ್ಲಿ ನೋಡುತ್ತಾರೆ. ಅಂದರೆ ಮೂಗಿನಿಂದ ಮಾಡೋದು ಹೊಸದು, ತಲೆ ತೆರೆಯೋದು ಹಳೇದು ಅಂತಲ್ಲ. ಗಡ್ಡೆ ಯಾವ ಕಡೆ ಬೆಳೆದಿದೆ, ಆ ಸರ್ಜನ್ ಯಾವ ದಾರಿಯಲ್ಲಿ ಜಾಸ್ತಿ ಕೆಲಸ ಮಾಡಿದ್ದಾರೆ ಅನ್ನೋದರ ಮೇಲೆ ಹೋಗುತ್ತದೆ.

ನನ್ನ ಪ್ರಕಾರ ನೀವು ಕೇಳಬೇಕಾದ ಪ್ರಶ್ನೆ ದಾರಿಯದ್ದಲ್ಲ. ಇಬ್ಬರನ್ನೂ ಇಷ್ಟು ಕೇಳಿ: "ಸರ್, ಹೈಪೋಥಾಲಮಸ್‌ಗೆ ಎಷ್ಟು ಅಂಟಿದೆ? ಗ್ರೇಡ್ ಎಷ್ಟು?" ಪ್ಯಾರಿಸ್‌ನವರು ಮಾಡಿದ ಪ್ಯುಜೆ ಗ್ರೇಡ್ ಅಂತ ಇದೆ. 0 ಅಂದರೆ ಮುಟ್ಟಿಲ್ಲ, 1 ಅಂದರೆ ಮೇಲಕ್ಕೆ ತಳ್ಳಿದೆ, 2 ಅಂದರೆ ಹೈಪೋಥಾಲಮಸ್ ಗುರುತೇ ಸಿಗದಷ್ಟು ಒಳಗೆ ಸೇರಿದೆ. 0 ಅಥವಾ 1 ಇದ್ದರೆ ಪೂರ್ತಿ ತೆಗೆಯಲು ನೋಡುವುದರಲ್ಲಿ ಅರ್ಥ ಇದೆ. 2 ಇದ್ದರೆ ಪೂರ್ತಿ ಕಿತ್ತು ತೆಗೆದಾಗ ಸ್ಕ್ಯಾನ್ ಚೆನ್ನಾಗಿ ಕಾಣುತ್ತದೆ, ಮಗು ಚೆನ್ನಾಗಿರಲ್ಲ. ಬಿಟ್ಟ ಚೂರಿಗೆ ರೇಡಿಯೇಷನ್ ಕೊಟ್ಟರೆ ಗಡ್ಡೆ ಹಿಡಿತದಲ್ಲಿ ಇರುವುದು ಹೆಚ್ಚುಕಮ್ಮಿ ಪೂರ್ತಿ ತೆಗೆದಷ್ಟೇ. ಬಿಟ್ಟು ಸುಮ್ನೆ ಕೂತರೆ ಮಾತ್ರ ಮತ್ತೆ ಬೆಳೆಯುವುದು ಜಾಸ್ತಿ. ನಿಮ್ಮ ಭಾವನಿಗೆ ಈ ಪ್ಯಾರಾ ಓದಿ ಹೇಳಿ.

ಬಯಾಪ್ಸಿಗೆ ಅಂತ ಬೇರೆ ಆಪರೇಷನ್ ಸಾಮಾನ್ಯವಾಗಿ ಬೇಕಿಲ್ಲ. ವಾಂತಿ ಜಾಸ್ತಿಯಾಗಿ ಮಗು ಮಂಕಾದರೆ, ನಿದ್ದೆಯಿಂದ ಏಳಿಸಲು ಕಷ್ಟ ಆದರೆ, ಕಣ್ಣು ಏಕಾಏಕಿ ಮಬ್ಬಾದರೆ ಅಪಾಯಿಂಟ್‌ಮೆಂಟ್ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಸ್ಲೈಡ್_ನೋಡೋನು

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ನಾನು ಪೆಥಾಲಜಿ, ಅಂದರೆ ತೆಗೆದ ಗಡ್ಡೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವನು, ಅದಕ್ಕೆ ನಮ್ಮ ಕಡೆಯಿಂದ ಒಂದೆರಡು ಮಾತು.

ಮಕ್ಕಳಲ್ಲಿ ಬರುವುದು ಹೆಚ್ಚುಕಮ್ಮಿ ಯಾವಾಗಲೂ ಅಡಮಾಂಟಿನೋಮಾಟಸ್ ಅನ್ನುವ ಬಗೆ. ಹಲ್ಲು ಕಟ್ಟುವ ಅಂಗಾಂಶವನ್ನು ಹೋಲುತ್ತದೆ. ಮಿದುಳಿನ ಬುಡದಲ್ಲಿ ಹಲ್ಲಿನ ಅಂಗಾಂಶ ಎಲ್ಲಿಂದ ಬಂತು ಅಂದರೆ ಮೇಲೆ ಹೇಳಿದ ಬಾಯಿಯ ಚೀಲದಿಂದಲೇ. ಕ್ಯಾಲ್ಸಿಯಂ ಕಟ್ಟುವುದೂ ಇದರ ಗುಣ, ಎಂ.ಆರ್.ಐ. ಜೊತೆ ಸಿ.ಟಿ. ಕೂಡ ಮಾಡಿಸಿದ್ದು ಅದಕ್ಕೇ, ಎಂ.ಆರ್.ಐ.ಯಲ್ಲಿ ಕ್ಯಾಲ್ಸಿಯಂ ಸರಿಯಾಗಿ ಕಾಣಲ್ಲ. ಚೀಲದೊಳಗಿನ ನೀರು ನಮ್ಮ ಹತ್ತಿರ ಬಂದಾಗ ಗ್ಯಾರೇಜಿನಲ್ಲಿ ಇಳಿಸಿದ ಹಳೇ ಇಂಜಿನ್ ಆಯಿಲ್ ಹಾಗೇ ಇರುತ್ತದೆ, ಕಂದು ಬಣ್ಣ, ದಪ್ಪ. ಬೆಳಕಿಗೆ ಹಿಡಿದು ಬಾಟಲಿ ಅಲುಗಿಸಿದರೆ ಕೊಲೆಸ್ಟೆರಾಲ್ ಹರಳು ಮಿನುಗುತ್ತವೆ. ಒಮ್ಮೆ ನೋಡಿದವರು ಮರೆಯಲ್ಲ. ಆ ನೀರು ಮಿದುಳಿನ ಸುತ್ತ ಚೆಲ್ಲಿದರೆ ಉರಿಯೂತ ಬರುತ್ತದೆ, ಅದಕ್ಕೆ ಸರ್ಜನ್‌ಗಳು ತುಂಬ ಜೋಪಾನವಾಗಿ ಹೀರುತ್ತಾರೆ.

ಒಂದು ಸೇರಿಸುತ್ತೇನೆ. ಅದೇ ಜಾಗದಲ್ಲಿ ಮಕ್ಕಳಿಗೆ ಜರ್ಮಿನೋಮಾ ಅಂತ ಇನ್ನೊಂದು ಗಡ್ಡೆ ಬರುತ್ತದೆ. ಅದರ ಕಥೆಯೇ ಬೇರೆ, ಕಿತ್ತು ತೆಗೆಯುವ ಅಗತ್ಯವೇ ಇಲ್ಲ, ಕೀಮೋ ಮತ್ತು ರೇಡಿಯೇಷನ್‌ಗೆ ಚೆನ್ನಾಗಿ ಕರಗುತ್ತದೆ. ನಿಮ್ಮ ಹುಡುಗನಿಗೆ ಕ್ಯಾಲ್ಸಿಯಂ ಇದೆ, ನೀರಿನ ಚೀಲ ಇದೆ, ಅದಕ್ಕೆ ಇದು ಜರ್ಮಿನೋಮಾ ಇರುವ ಸಾಧ್ಯತೆ ಕಡಿಮೆ. ಆದರೆ ಆಪರೇಷನ್‌ಗೆ ಮೊದಲೇ ಬಹಳ ನೀರು ಕುಡಿಯೋದು, ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳೋದು ಇದ್ದರೆ ಡಾಕ್ಟರಿಗೆ ಹೇಳಿ. ಜರ್ಮಿನೋಮಾದಲ್ಲಿ ಎಷ್ಟೋ ಸಲ ಅದೇ ಮೊದಲ ಲಕ್ಷಣ. ರಕ್ತದಲ್ಲಿ ಎ.ಎಫ್.ಪಿ., ಬೀಟಾ ಎಚ್.ಸಿ.ಜಿ. (ಅಂಥ ಗಡ್ಡೆಗಳ ಸುಳಿವು ಕೊಡುವ ಟೆಸ್ಟ್) ಮಾಡಿಸುವುದು ದೊಡ್ಡ ಖರ್ಚಲ್ಲ, ಅನುಮಾನ ಇದ್ದರೆ ಕೇಳಿ ನೋಡಿ.

ಆಮೇಲೆ ಆಪರೇಷನ್ ಆದ ಮೇಲೆ ಗಡ್ಡೆಯ ಸ್ಲೈಡು, ಬ್ಲಾಕು (ಮೇಣದಲ್ಲಿ ಇಟ್ಟ ಗಡ್ಡೆಯ ತುಣುಕು) ಎರಡನ್ನೂ ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಬೇರೆ ಊರಿನ ಡಾಕ್ಟರು ಕೇಳಿದಾಗ ಹುಡುಕಾಡುವುದು ತಪ್ಪುತ್ತದೆ.

ಕೂಲ್_ಕಿರಣ

ಬ್ರೋ, ಆಪರೇಷನ್ ಯಾಕೆ? ಅಮೆರಿಕದಲ್ಲಿ ಬರೀ ಮಾತ್ರೆಯಲ್ಲೇ ಈ ಗಡ್ಡೆ 90 ಪರ್ಸೆಂಟ್ ಕರಗಿದೆ ಅಂತ ನ್ಯೂಸ್ ಓದಿದ್ದೆ. ಗೂಗಲ್ ಮಾಡಿ ನೋಡಿ. ಇಲ್ಲಿನ ಡಾಕ್ಟರಿಗೆ ಆಪರೇಷನ್ ಮಾಡಿದರೇನೇ ದುಡ್ಡು.

ಸ್ಲೈಡ್_ನೋಡೋನು

ಕಿರಣ್, ನೀವು ಓದಿದ ಸುದ್ದಿ ನಿಜ, ಆದರೆ ಅದು ಈ ಹುಡುಗನ ಗಡ್ಡೆಯ ಬಗ್ಗೆ ಅಲ್ಲ. ಅದು 2023ರಲ್ಲಿ ಬಂದ ಪ್ರಯೋಗ. ವೆಮುರಾಫೆನಿಬ್, ಕೋಬಿಮೆಟಿನಿಬ್ ಅನ್ನುವ ಎರಡು ಮಾತ್ರೆ ಒಟ್ಟಿಗೆ ಕೊಟ್ಟರು. 16 ಜನರಲ್ಲಿ 15 ಜನರಿಗೆ ಗಡ್ಡೆ ಚೆನ್ನಾಗಿ ಕುಗ್ಗಿತು, ನಡುಮಟ್ಟದ ಲೆಕ್ಕದಲ್ಲಿ 91% ಕಡಿಮೆಯಾಯಿತು. ದೊಡ್ಡ ವಿಷಯವೇ. ಆದರೆ ಅವರೆಲ್ಲರಿಗೂ ಇದ್ದದ್ದು ಪ್ಯಾಪಿಲರಿ ಬಗೆ, ಅದು ದೊಡ್ಡವರಲ್ಲಿ ಬರೋದು. ಅದರಲ್ಲಿ ಬಹುಪಾಲು ಗಡ್ಡೆಗಳಲ್ಲಿ ಬ್ರಾಫ್ ಜೀನಿನಲ್ಲಿ ಒಂದು ಬದಲಾವಣೆ ಇರುತ್ತದೆ, ಆ ಮಾತ್ರೆ ಹೊಡೆಯುವುದು ಅದನ್ನೇ. ಮಕ್ಕಳ ಬಗೆಯಲ್ಲಿ ಕೆಟ್ಟಿರುವುದು ಬೇರೆ ಜೀನು, ಬೀಟಾ ಕ್ಯಾಟೆನಿನ್‌ದು. ಅದಕ್ಕೆ ಈ ಮಾತ್ರೆ ನಾಟಲ್ಲ. 2021ರಿಂದ ಡಬ್ಲ್ಯು.ಎಚ್.ಓ. ಇವೆರಡನ್ನೂ ಬೇರೆ ಬೇರೆ ಗಡ್ಡೆ ಅಂತಲೇ ಬರೆಯುತ್ತದೆ.

ಹಾಗಂತ ನಿಮ್ಮ ಮಾತು ಪೂರ್ತಿ ದಂಡ ಅಲ್ಲ. ಈ ಥ್ರೆಡ್ ಓದುವ 50 ವರ್ಷದವರಿಗೆ ಯಾರಿಗಾದರೂ ಇದೇ ಗಡ್ಡೆ ಇದ್ದರೆ, ಆ ಬದಲಾವಣೆ ಹುಡುಕುವ ಬ್ರಾಫ್ ವಿ600ಇ ಟೆಸ್ಟ್ ಆಗಿದೆಯಾ ಅಂತ ಕೇಳಲೇಬೇಕು. ದುಡ್ಡಿಗೋಸ್ಕರ ಆಪರೇಷನ್ ಅನ್ನೋ ಮಾತು ಮಾತ್ರ ಕಣ್ಣು ಹೋಗುತ್ತಿರುವ ಮಗುವಿನ ಮನೆಯವರ ಮುಂದೆ ಆಡಬೇಡಿ.

ಪುಟ್ಟಿ_ಅಮ್ಮ

ಹಾವೇರಿ ಅಣ್ಣ, ನನ್ನ ಮಗಳಿಗೆ ಇದೇ ಗಡ್ಡೆ. ಎಂಟನೇ ವಯಸ್ಸಿಗೆ ಆಪರೇಷನ್ ಆಯಿತು, ಈಗ ಪಿ.ಯು. ಓದುತ್ತಿದ್ದಾಳೆ. ಅಕ್ಕನಿಗೆ ಮೊದಲು ಈ ಸಾಲು ತೋರಿಸಿ.

ಆಪರೇಷನ್ ಬಗ್ಗೆ ಡಾಕ್ಟರು ಹೇಳಿದ್ದಾರೆ. ನಾನು ಅದರ ಆಮೇಲಿನದು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ನಿಜವಾದ ಕೆಲಸ ಶುರುವಾಗಿದ್ದೇ ಆಮೇಲೆ.

ಆಪರೇಷನ್ ಆದ ರಾತ್ರಿಯೇ ಅವಳಿಗೆ ಲೀಟರ್‌ಗಟ್ಟಲೆ ನೀರಿನ ಹಾಗೆ ಮೂತ್ರ ಹೋಗಲು ಶುರುವಾಯಿತು. ಐ.ಸಿ.ಯು.ನಲ್ಲಿ ಸಿಸ್ಟರ್ ಗಂಟೆಗೊಮ್ಮೆ ಚೀಲ ಅಳೆದು ಬರೆಯುತ್ತಿದ್ದರು, ಸೋಡಿಯಂಗೆ ಪದೇ ಪದೇ ರಕ್ತ. ಆಮೇಲೆ ಇದ್ದಕ್ಕಿದ್ದಂತೆ ಮೂತ್ರ ಕಡಿಮೆಯಾಯಿತು. ನಾನು ದೇವರಿಗೆ ಕೈ ಮುಗಿದೆ. ಡಾಕ್ಟರು ನಗಲಿಲ್ಲ. ಇದು ಎರಡನೇ ಹಂತ, ಈಗ ನೀರು ಜಾಸ್ತಿ ಕೊಟ್ಟರೆ ಸೋಡಿಯಂ ಇಳಿದು ಫಿಟ್ಸ್ ಬರುತ್ತದೆ ಅಂತ ಕುಡಿಯುವ ನೀರಿಗೂ ಅಳತೆ ಇಟ್ಟರು. ಅದಾದ ಮೇಲೆ ಮತ್ತೆ ಮೂತ್ರ ಜಾಸ್ತಿಯಾಯಿತು, ಅದು ಇವತ್ತಿಗೂ ಇದೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ. ಮೂತ್ರ ಹಿಡಿದಿಡುವ ಹಾರ್ಮೋನು ಇಲ್ಲ, ಅಷ್ಟೇ. ಎಲ್ಲ ಮಕ್ಕಳಿಗೂ ಮೂರೂ ಹಂತ ಬರಬೇಕು ಅಂತಿಲ್ಲ, ಆದರೆ ಮೂತ್ರ ಕಡಿಮೆಯಾದಾಗ ಮನೆಯವರು ಖುಷಿಯಾಗಿ ಎಳನೀರು, ಜ್ಯೂಸ್ ಕುಡಿಸಬಾರದು. ವಾರ್ಡಿನಲ್ಲಿ ನೋಡಲು ಬಂದ ನೆಂಟರಿಗೆ ಇದನ್ನು ಹೇಳೋದೇ ನನಗೆ ದೊಡ್ಡ ಕೆಲಸ ಆಗಿತ್ತು.

ಈಗ ಆ ಹಾರ್ಮೋನಿಗೆ ಬದಲಿ ಡೆಸ್ಮೊಪ್ರೆಸಿನ್ ಮಾತ್ರೆ ನುಂಗುತ್ತಾಳೆ. ಸ್ಪ್ರೇ ಕೂಡ ಬರುತ್ತದೆ, ಮೂಗಿನಿಂದ ಆಪರೇಷನ್ ಆದರೆ ಮೊದಮೊದಲು ಸ್ಪ್ರೇ ಸರಿಯಾಗಿ ಹಿಡಿಯಲ್ಲ ಅಂತ ನಮ್ಮ ಎಂಡೋಕ್ರೈನ್ (ಹಾರ್ಮೋನ್ ಡಾಕ್ಟರ್) ಮೇಡಂ ಹೇಳಿದ್ದರು. ಒಂದು ಡೋಸಿನ ಪರಿಣಾಮ ಇಳಿದು ಒಮ್ಮೆ ಚೆನ್ನಾಗಿ ಒಂದಕ್ಕೆ ಹೋದ ಮೇಲೆ ಮುಂದಿನ ಡೋಸ್. ಇದು ನಮಗೆ ಹೇಳಿಕೊಟ್ಟ ಪದ್ಧತಿ, ನಿಮಗೆ ನಿಮ್ಮ ಡಾಕ್ಟರು ಹೇಳುತ್ತಾರೆ.

ಅದಕ್ಕಿಂತ ಮುಖ್ಯ ಹೈಡ್ರೋಕಾರ್ಟಿಸೋನ್. ಯಾವ ಮಾತ್ರೆಯೂ ತಪ್ಪಬಾರದು, ಇದಂತೂ ತಪ್ಪಲೇಬಾರದು. ಸ್ಟೀರಾಯ್ಡ್ ಅಂದ ಕೂಡಲೇ ನೆಂಟರೆಲ್ಲ ಹೆದರಿಸುತ್ತಾರೆ. ಇದು ಹೊರಗಿನಿಂದ ಜಾಸ್ತಿ ತುಂಬುವ ಸ್ಟೀರಾಯ್ಡ್ ಅಲ್ಲ, ಎಲ್ಲರ ಮೈಯಲ್ಲೂ ದಿನಾ ತಯಾರಾಗೋದು ಇವರಿಗೆ ಆಗಲ್ಲ, ಅದನ್ನು ಭರ್ತಿ ಮಾಡೋದು ಅಷ್ಟೇ. ಜ್ವರ ಬಂದರೆ ಡೋಸ್ ಎರಡು ಮೂರು ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು. ಇದನ್ನು ಡಿಸ್ಚಾರ್ಜ್ ಆಗುವಾಗ ನಮಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ವಾಂತಿ ಭೇದಿ ಆದಾಗ ಹತ್ತಿರದ ನರ್ಸಿಂಗ್ ಹೋಂಗೆ ಕರೆದುಕೊಂಡು ಹೋದೆವು. ಅಲ್ಲಿ ಡ್ರಿಪ್ ಹಾಕಿ, ಸ್ಟೀರಾಯ್ಡ್ ಎಲ್ಲ ಬೇಡ, ಇನ್ಫೆಕ್ಷನ್ ಜಾಸ್ತಿ ಆಗುತ್ತೆ ಅಂತ ನಿಲ್ಲಿಸಿಯೇ ಬಿಟ್ಟರು. ಸಂಜೆ ಹೊತ್ತಿಗೆ ಬಿ.ಪಿ. ಸಿಗುತ್ತಿರಲಿಲ್ಲ, ಮೈ ತಣ್ಣಗೆ. ನನ್ನ ತಮ್ಮ ನಮ್ಮ ಮೇಡಂಗೆ ಫೋನ್ ಹಚ್ಚಿ ಆ ಡಾಕ್ಟರ ಕಿವಿಗೇ ಹಿಡಿದ. ಇಂಜೆಕ್ಷನ್ ಹೋಗಿ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಅಮ್ಮಾ ಅಂದಳು. ಅವತ್ತಿನಿಂದ ಒಂದು ಕಾಗದ ಲ್ಯಾಮಿನೇಷನ್ ಮಾಡಿಸಿ ಅವಳ ಬ್ಯಾಗಿನಲ್ಲಿ ಇಟ್ಟಿದ್ದೇವೆ. ಕನ್ನಡ ಇಂಗ್ಲಿಷ್ ಎರಡರಲ್ಲೂ: ಈ ಮಗುವಿಗೆ ಪಿಟ್ಯುಟರಿ ಕೆಲಸ ಮಾಡಲ್ಲ, ವಾಂತಿ ಅಥವಾ ಪ್ರಜ್ಞೆ ತಪ್ಪಿದರೆ ಮೊದಲು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಇಷ್ಟು ಮಿಲಿಗ್ರಾಂ, ಆಮೇಲೆ ಫೋನ್ ಮಾಡಿ. ಡಾಕ್ಟರ ಸಹಿ, ಸೀಲು. ನೀವು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ.

ಹಸಿವು. ಇದರ ಬಗ್ಗೆ ಯಾರೂ ಮಾತಾಡಲ್ಲ. ಅವಳ ಹೈಪೋಥಾಲಮಸ್‌ಗೆ ಸ್ವಲ್ಪ ಪೆಟ್ಟು ಬಿದ್ದಿದೆ. ಮೊದಲ ವರ್ಷ ಊಟ ಮುಗಿಸಿ ಕೈ ತೊಳೆಯುವಾಗಲೇ ಇನ್ನೇನಿದೆ ಅಂತ ಕೇಳುತ್ತಿದ್ದಳು. ಬೆಲ್ಲದ ಡಬ್ಬಿ, ಬಿಸ್ಕತ್ತು, ಕೊನೆಗೆ ಹಸಿ ಅವಲಕ್ಕಿ ಕೂಡ ಮುಚ್ಚಿಡಬೇಕಾಯಿತು. ಬಾಯಿ ಚಪಲ ಅಂತ ಅತ್ತೆ ಬೈಯುತ್ತಿದ್ದರು. ಚಪಲ ಅಲ್ಲ, ಹೊಟ್ಟೆ ತುಂಬಿತು ಅನ್ನೋ ಸುದ್ದಿ ಮಿದುಳಿಗೆ ಮುಟ್ಟೋದೇ ಇಲ್ಲ. ಕಡಿಮೆ ತಿಂದರೂ ತೂಕ ಏರುತ್ತದೆ. ರೆಸಿಡೆಂಟ್ ಡಾಕ್ಟರು ಗ್ರೇಡ್ ಕೇಳಿ ಅಂದರಲ್ವಾ, ಅದು ಇದಕ್ಕೇ ಅಂತ ಈಗ ಅರ್ಥ ಆಗುತ್ತಿದೆ. ನಮ್ಮ ಕಾಲಕ್ಕೆ ನಮಗೆ ಈ ಪ್ರಶ್ನೆ ಹೇಳಿಕೊಡುವವರು ಇರಲಿಲ್ಲ.

ಕಣ್ಣು ಒಂದು ಪೂರ್ತಿ ವಾಪಸ್ ಬಂದಿದೆ, ಇನ್ನೊಂದರಲ್ಲಿ ಅಂಚು ಕಾಣಲ್ಲ. ಸ್ಕೂಲಿನಲ್ಲಿ ಮುಂದಿನ ಬೆಂಚು, ಬೋರ್ಡಿನ ನೇರಕ್ಕೆ ಕೂರಿಸಿ ಅಂತ ಪತ್ರ ಕೊಟ್ಟಿದ್ದೆವು. ಸೈಕಲ್ ಮಾತ್ರ ರಸ್ತೆಗೆ ಬಿಡಲ್ಲ, ಅದಕ್ಕೆ ಇವತ್ತಿಗೂ ನನ್ನ ಮೇಲೆ ಕೋಪ.

ಹಾವೇರಿ_ಮಾವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪುಟ್ಟಿ ಅಮ್ಮ ಅವರೇ, ನಿಮ್ಮದನ್ನು ಅಕ್ಕ ಫೋನಿನಲ್ಲಿ ಎರಡು ಸಲ ಓದಿದಳು. ಪಿ.ಯು. ಓದುತ್ತಿದ್ದಾಳಾ ಅಂತ ಕೇಳಿ ಎದ್ದು ಹೋಗಿ ಮುಖ ತೊಳೆದು ಬಂದಳು.

ಟೆಸ್ಟ್ ಆಯಿತು. ಕಾರ್ಟಿಸಾಲ್ ಬಹಳ ಕಡಿಮೆ, ಟಿ4 ಕೂಡ ಕಡಿಮೆ, ಟಿ.ಎಸ್.ಎಚ್. ಮಾತ್ರ ನಾರ್ಮಲ್, ನೀವು ಹೇಳಿದ ಹಾಗೇ. ಹೈಡ್ರೋಕಾರ್ಟಿಸೋನ್ ಶುರು ಮಾಡಿದ್ದಾರೆ. ಮೂಲೆಯಲ್ಲಿ ಮಲಗಿರುತ್ತಿದ್ದವನು ಎದ್ದು ತಂಗಿ ಜೊತೆ ಜಗಳ ಆಡುತ್ತಿದ್ದಾನೆ. ರಾತ್ರಿ ಜಾಸ್ತಿ ಒಂದಕ್ಕೆ ಏಳೋದು ಇಲ್ಲ, ಎ.ಎಫ್.ಪಿ., ಎಚ್.ಸಿ.ಜಿ. ಎರಡೂ ನಾರ್ಮಲ್.

ಗ್ರೇಡ್ ಕೇಳಿದೆ. ಮೂಗಿನಿಂದ ಮಾಡುತ್ತೇನೆ ಅಂದವರು ಫಿಲ್ಮ್ ಹಾಕಿ ತೋರಿಸಿ, ಗಡ್ಡೆ ನಡುವೆಯೇ ಇದೆ, ಹೈಪೋಥಾಲಮಸ್ ಎಡಗಡೆ ಮೇಲೆ ತಳ್ಳಿದೆ, ಬಲಗಡೆ ಗುರುತು ಸರಿಯಾಗಿ ಸಿಗುತ್ತಿಲ್ಲ ಅಂದರು. ಬಲಗಡೆ ಅಂಟಿದ್ದರೆ ಏನು ಮಾಡುತ್ತೀರಿ ಸರ್ ಅಂದೆ. ಬಿಟ್ಟು ಬರುತ್ತೇನೆ ಅಂದರು. ನೀವು ಪೂರ್ತಿ ತೆಗೆಯುತ್ತೇನೆ ಅಂದಿರಲ್ಲ ಅಂತ ಭಾವ ಕೇಳಿದರು. "ನೋಡುತ್ತೇನೆ ಅಂದಿದ್ದೆ, ತೆಗೆಯುತ್ತೇನೆ ಅಂದಿರಲಿಲ್ಲ" ಅಂದರು. ಭಾವ ಸ್ವಲ್ಪ ತಣ್ಣಗಾಗಿದ್ದಾರೆ. ಅಂದರೆ ಇಬ್ಬರು ಡಾಕ್ಟರೂ ಕೊನೆಗೆ ಒಂದೇ ಹೇಳುತ್ತಿದ್ದಾರೆ, ದಾರಿ ಮಾತ್ರ ಬೇರೆ, ಹೌದಲ್ವಾ?

ಈಗ ರೇಡಿಯೇಷನ್ ಬೇಕಾದರೆ ಅದರ ಬಗ್ಗೆ ಗೊಂದಲ. ಒಬ್ಬರು ಗಾಮಾ ನೈಫ್ ಅಂದರು, ಇನ್ನೊಬ್ಬರು ಪ್ರೋಟಾನ್ ಅಂದರು. ದುಡ್ಡಿನ ಚಿಂತೆಯೂ ಇದೆ. ಅಕ್ಕನಿಗೆ ಬಿ.ಪಿ.ಎಲ್. ಕಾರ್ಡ್ ಇದೆ.

ರಾತ್ರಿಪಾಳಿ_ರೆಸಿಡೆಂಟ್

ಹೌದು, ಹೆಚ್ಚುಕಮ್ಮಿ ಒಂದೇ. "ಬಿಟ್ಟು ಬರುತ್ತೇನೆ" ಅಂದ ಸರ್ಜನ್ ಮೇಲೆ ನನಗಂತೂ ನಂಬಿಕೆ ಜಾಸ್ತಿ. ಈ ಆಪರೇಷನ್‌ನಲ್ಲಿ ಕೈ ನಿಲ್ಲಿಸೋದು ಕಷ್ಟದ ಕೆಲಸ. ಗಡ್ಡೆ ಮತ್ತು ಹೈಪೋಥಾಲಮಸ್ ನಡುವೆ ಗಟ್ಟಿಯಾದ ಒಂದು ಪದರ ಸಿಗುತ್ತದೆ, ಎಳೆದರೆ ಬರುವ ಹಾಗೇ ಕಾಣುತ್ತದೆ. ಅದು ಮಿದುಳು ಗಡ್ಡೆಯ ಸುತ್ತ ಕಟ್ಟಿಕೊಂಡ ಗಾಯದ ಪದರ, ಗಡ್ಡೆಯ ಸಣ್ಣ ಬೆರಳುಗಳು ಅದರೊಳಗೆ ಹೋಗಿರುತ್ತವೆ. ಅಲ್ಲಿ ಎಳೆದಾಗ ಬರುವುದು ಬರೀ ಗಡ್ಡೆ ಅಲ್ಲ.

ರೇಡಿಯೇಷನ್: ಗಾಮಾ ನೈಫ್ ಸಾಮಾನ್ಯವಾಗಿ ಒಂದೇ ಸಲಕ್ಕೆ ದೊಡ್ಡ ಡೋಸ್. ಉಳಿದ ಚೂರು ಚಿಕ್ಕದಾಗಿ, ಕಣ್ಣಿನ ನರದಿಂದ ಕೆಲವು ಮಿಲಿಮೀಟರ್ ದೂರ ಇದ್ದರೆ ಮಾತ್ರ ಅದು ಸರಿ. ನರಕ್ಕೆ ಅಂಟಿಕೊಂಡೇ ಇದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪದಂತೆ ಸುಮಾರು ಆರು ವಾರ, ಒಟ್ಟು 50ರಿಂದ 54 ಗ್ರೇ (ರೇಡಿಯೇಷನ್ ಅಳತೆ) ಕೊಡುತ್ತಾರೆ. ಅದನ್ನೇ ಮಾಮೂಲಿ ಎಕ್ಸ್‌ರೇ ಕಿರಣದಲ್ಲೂ ಕೊಡಬಹುದು, ಪ್ರೋಟಾನ್‌ನಲ್ಲೂ ಕೊಡಬಹುದು. ಪ್ರೋಟಾನ್ ಗಡ್ಡೆ ದಾಟಿ ಆಚೆ ಹೋಗಲ್ಲ, ಸುತ್ತಲಿನ ಬೆಳೆಯುವ ಮಿದುಳಿಗೆ ಡೋಸ್ ಕಡಿಮೆ, ಅದಕ್ಕೆ ಮಕ್ಕಳಿಗೆ ಅದರ ಮಾತು ಬರೋದು. ಗಡ್ಡೆ ಹಿಡಿತಕ್ಕೆ ಬರುವುದರಲ್ಲಿ ಎರಡೂ ಒಂದೇ. ಪ್ರೋಟಾನ್ ಸಿಗಲಿಲ್ಲ ಅಂತ ಚಿಕಿತ್ಸೆ ಮುಂದೂಡಬೇಡಿ. ಗಾಮಾ ನೈಫ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಪ್ರೋಟಾನ್‌ಗೆ ಚೆನ್ನೈ ಅಪೋಲೊ, ಅಲ್ಲಿ 2019ರಲ್ಲಿ ಶುರುವಾಯಿತು. ಇಲ್ಲವೇ ನವಿ ಮುಂಬೈ ಖಾರ್ಘರ್‌ನ ಟಾಟಾ ಕೇಂದ್ರ.

ಸ್ಟೀರಾಯ್ಡ್ ಶುರುವಾದ ಮೇಲೆ ಮೂತ್ರ ಒಮ್ಮೆಲೇ ಜಾಸ್ತಿಯಾದರೆ ನಿಮ್ಮ ಡಾಕ್ಟರಿಗೆ ತಿಳಿಸಿ. ಕಾರ್ಟಿಸಾಲ್ ಕಡಿಮೆ ಇದ್ದಾಗ ಆ ತೊಂದರೆ ಅಡಗಿ ಕೂತಿರುತ್ತದೆ, ಸ್ಟೀರಾಯ್ಡ್ ಕೊಟ್ಟ ಮೇಲೆ ಹೊರಗೆ ಬರುತ್ತದೆ.

ಪುಟ್ಟಿ_ಅಮ್ಮ

ದುಡ್ಡಿನ ವಿಷಯ: ಬಿ.ಪಿ.ಎಲ್. ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಂಡು ಹೋಗಿ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹುಡುಗನ ಹೆಸರಿನ ಅಕ್ಷರ ಒಂದೇ ಥರ ಇದೆಯಾ ಇವತ್ತೇ ನೋಡಿ, ಕೌಂಟರಿನಲ್ಲಿ ಅದಕ್ಕೇ ವಾಪಸ್ ಕಳಿಸುತ್ತಾರೆ. ಆಮೇಲೆ ತಿಂಗಳು ತಿಂಗಳು ಬರುವ ಮಾತ್ರೆ ಖರ್ಚು ಇದರಲ್ಲಿ ಬರುತ್ತೆ ಅಂದುಕೊಳ್ಳಬೇಡಿ, ಅದಕ್ಕೆ ಬೇರೆ ತೆಗೆದಿಡಿ. ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ದುಬಾರಿ, ಸಾಮಾನ್ಯವಾಗಿ ದಿನಾ ಹಾಕಬೇಕು. ಅದು ತಕ್ಷಣ ಶುರು ಮಾಡಲ್ಲ, ಗಡ್ಡೆ ಸುಮ್ಮನಿದೆ ಅಂತ ಸ್ಕ್ಯಾನಿನಲ್ಲಿ ನೋಡಿಕೊಂಡು ಆಮೇಲೆ ಶುರು ಮಾಡುತ್ತಾರೆ. ಅದರಿಂದ ಗಡ್ಡೆ ಮತ್ತೆ ಬರುತ್ತಾ ಅಂತ ನಾನೂ ಹೆದರಿದ್ದೆ, ಹಾಗೇನೂ ಕಂಡುಬಂದಿಲ್ಲ ಅಂತ ಮೇಡಂ ಹೇಳಿದರು. ನನ್ನ ಮಗಳು ಈಗ ನನಗಿಂತ ಉದ್ದ.

ಹಾವೇರಿ_ಮಾವ

ಹೆಸರು ನೋಡಿದೆ. ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ! ನಾಳೆ ಬೆಳಿಗ್ಗೆಯೇ ಸರಿ ಮಾಡಿಸಲು ಹೋಗುತ್ತೇನೆ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ನಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಾ, ಬೆಂಗಳೂರಿನಿಂದಲೇ ತರಬೇಕಾ?

ಪುಟ್ಟಿ_ಅಮ್ಮ

ಇಂಜೆಕ್ಷನ್ ತಾಲೂಕು ಊರಿನಲ್ಲೂ ಸಿಗುತ್ತೆ ಅಣ್ಣ, ಅಸ್ತಮಾದವರಿಗೂ ಅದನ್ನೇ ಹಾಕುತ್ತಾರೆ. ಮಾತ್ರೆ ಸಣ್ಣ ಊರಿನಲ್ಲಿ ಕಷ್ಟ, ಅದನ್ನು ಒಂದು ತಿಂಗಳದ್ದು ಮೊದಲೇ ತರಿಸಿ ಇಟ್ಟುಕೊಳ್ಳಿ. ಸಿರಿಂಜು, ಸೂಜಿ ಕೂಡ ಜೊತೆಗೇ ಇರಲಿ. ಮನೆಯಲ್ಲಿ ಇಬ್ಬರಾದರೂ ಹಾಕೋದು ಕಲಿತುಕೊಳ್ಳಿ, ಭಾವನಿಗೂ ಕಲಿಸಿ.